ನೋಟಿಸು ಬಂದ ಮೇಲೆ 30 ದಿನ

ಜಮೀನು ಹೋಗುವ ಸುದ್ದಿ ಊರಿಗೆ ಒಮ್ಮೆಲೇ ಬರುವುದಿಲ್ಲ. ಮೊದಲು ಬ್ರೋಕರ್ ಬರುತ್ತಾನೆ, ಆಮೇಲೆ ಸರ್ವೆಯವರು, ಕೊನೆಗೆ ನೋಟಿಸು. ನಮ್ಮಂಥ ಬಿಡಿ ಸುದ್ದಿಗಾರರಿಗೆ ಫೋನ್ ಬರುವುದು ಇದೆಲ್ಲ ಆದ ಮೇಲೆ. "ಪೇಪರ್‌ನಲ್ಲಿ ಹಾಕಿ ಸಾರ್" ಅಂತಾರೆ. ಹಾಕುತ್ತೇವೆ. ಅಷ್ಟೊತ್ತಿಗೆ ಆಕ್ಷೇಪಣೆ ಕೊಡುವ ದಿನವೇ ಎಷ್ಟೋ ಸಲ ಮುಗಿದಿರುತ್ತದೆ.

ಕೈಗಾರಿಕೆಗೆ ಭೂಮಿ ತೆಗೆದುಕೊಳ್ಳುವುದು ಕೆಐಎಡಿಬಿ. ಅದರ ಕಾಯ್ದೆ 1966ರದ್ದು. 28(1)ರಲ್ಲಿ ಮೊದಲ ಅಧಿಸೂಚನೆ. 28(2)ರಲ್ಲಿ ಮಾಲೀಕರಿಗೆ ನೋಟಿಸು, ಉತ್ತರ ಕೊಡಲು 30 ದಿನ. ಆಮೇಲೆ ವಿಚಾರಣೆ, 28(4)ರಲ್ಲಿ ಅಂತಿಮ ಅಧಿಸೂಚನೆ. ನಮ್ಮ ಜನ ಹೆಚ್ಚಾಗಿ ಏಳುವುದು ಈ ಕೊನೇ ಮೆಟ್ಟಿಲಿನಲ್ಲಿ.

ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ರೈತರು ಬಿಡಲಿಲ್ಲ. 13 ಹಳ್ಳಿಗಳ 1,777 ಎಕರೆ ವಿಚಾರ. 2022ರ ಏಪ್ರಿಲ್‌ನಲ್ಲಿ ಧರಣಿ ಕೂತವರು ಮೂರು ವರ್ಷ ದಾಟಿದರೂ ಕೂತೇ ಇದ್ದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಹೇಳಿದರು. ತಾವಾಗಿ ಕೊಡಲು ಬರುವವರ ಭೂಮಿ ಮಾತ್ರ ತೆಗೆದುಕೊಳ್ಳುತ್ತೇವೆ ಎಂದೂ ಹೇಳಿದರು. ಅದೂ ಸರಿಯೇ. ಯಾವ ಊರಲ್ಲೂ ಎಲ್ಲರದೂ ಒಂದೇ ಮಾತಿರುವುದಿಲ್ಲ. ಸಾಲ ಇದ್ದವನ ಲೆಕ್ಕ ಬೇರೆ, ಹಸು ಕಟ್ಟಿ ಡೇರಿಗೆ ಹಾಲು ಹಾಕುವವಳ ಲೆಕ್ಕ ಬೇರೆ.

ಆ ಎರಡೂ ಲೆಕ್ಕ ಎದುರೆದುರು ಕೂರಬೇಕಾದ ಜಾಗ ಗ್ರಾಮಸಭೆ. ಆರು ತಿಂಗಳಿಗೊಮ್ಮೆಯಾದರೂ ಕರೆಯಬೇಕು. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಇರಬೇಕು. ನಾವು ವರದಿಗೆ ಹೋದ ಒಂದು ಪಂಚಾಯ್ತಿಯಲ್ಲಿ ಕುರ್ಚಿ ಹಾಕಿದ್ದರು, ಮಂಡಕ್ಕಿ ಖಾರ ತರಿಸಿದ್ದರು, ಜನ ಮೂವತ್ತೂ ಇರಲಿಲ್ಲ. ಸಹಿ ಪುಸ್ತಕ ಮಾತ್ರ ಸಂಜೆ ಮನೆಮನೆಗೆ ಹೋಗಿ ತುಂಬಿಕೊಂಡು ಬಂತು. ಸಹಿ ಹಾಕಿದ ಅಜ್ಜಿಯನ್ನು ಕೇಳಿದೆವು. "ಯಾವುದೋ ಮನೆ ಬಿಲ್ಲಿಗಂತೆ ಕಣಪ್ಪಾ" ಅಂದರು.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇವೆ. ಗ್ರಾಮಸಭೆ ಬೇಡ ಎಂದ ಮಾತ್ರಕ್ಕೆ ಕೆಐಎಡಿಬಿ ಸ್ವಾಧೀನ ತಾನಾಗಿ ನಿಲ್ಲುವುದಿಲ್ಲ. ಆದರೆ ನಡಾವಳಿ ಪುಸ್ತಕದಲ್ಲಿ ಬರೆದ ನಿರ್ಣಯ ಕಾಗದವಾಗಿ ಉಳಿಯುತ್ತದೆ. ವಿಚಾರಣೆಗೆ ಹೋದಾಗ, ಕೋರ್ಟಿಗೆ ಹೋದಾಗ ಮುಂದಿಡಲು ಏನಾದರೂ ಇರುತ್ತದೆ. ಕಟ್ಟೆ ಮೇಲೆ ಕೂತು ಬೈದದ್ದು ಯಾವ ಫೈಲಿಗೂ ಸೇರುವುದಿಲ್ಲ.

ಅದಕ್ಕೇ ಸಭೆಗೆ ಹೋಗಿ, ಹೆಂಗಸರನ್ನೂ ಕರೆದುಕೊಂಡು ಹೋಗಿ. ನಿಮ್ಮೆದುರೇ ಬರೆಸಿ, ಓದಿಸಿ, ಆಮೇಲೆ ಸಹಿ ಹಾಕಿ. ನೋಟಿಸು ಬಂದರೆ ತಲುಪಿದ ತಾರೀಖು ಅದರ ಮೇಲೇ ಬರೆದಿಡಿ. ಆಕ್ಷೇಪಣೆಯಲ್ಲಿ ಸರ್ವೆ ನಂಬರು, ಬೆಳೆ, ಬೋರ್‌ವೆಲ್, ಮರ ಎಲ್ಲ ಇರಲಿ. ಎರಡು ಪ್ರತಿ ಮಾಡಿ ಒಂದಕ್ಕೆ ಕಚೇರಿಯ ಸೀಲು ಹಾಕಿಸಿಕೊಳ್ಳಿ.

ನಮಗೂ ಫೋನ್ ಮಾಡಿ. ಸರ್ವೆಯವರು ಕಲ್ಲು ನೆಡುವ ಮೊದಲೇ ಮಾಡಿ.