ಅತ್ತೆಯ ಪದಗಳು, ಮಗನ ರಬ್ಬರು

ಚನ್ನಗಿರಿಯ ನಮ್ಮ ಮನೆಯ ಕಂಪ್ಯೂಟರ್ ಅಂದು ಏಳಲೇ ಇಲ್ಲ. ಫ್ಯಾನ್ ತಿರುಗುತ್ತಿದೆ, ಪರದೆ ಮಾತ್ರ ಕಪ್ಪು. ಒಳಗಿನಿಂದ ಉದ್ದುದ್ದ ಬೀಪ್, ಹಸಿದ ಕೂಸಿನ ಹಾಗೆ. ತೀರಿಕೊಂಡ ಅತ್ತೆ ಹಾಡುತ್ತಿದ್ದ ಸೋಬಾನೆ ಪದಗಳನ್ನು ನಾನು ಟೈಪು ಮಾಡಿಟ್ಟದ್ದೆಲ್ಲ ಅದರಲ್ಲೇ. ಅಂಗಡಿಯವನು ಫೋನಿನಲ್ಲೇ, "ಹಾರ್ಡ್ ಡಿಸ್ಕ್ ಹೋಗಿರುತ್ತೆ, ಹೊಸದು ಹಾಕ್ಸಿ" ಎಂದುಬಿಟ್ಟ.

ಹೊನ್ನಾಳಿಯ ತಂಗಿಯನ್ನು ಕೇಳಿದೆ. "ಅಕ್ಕಾ, ಡಿಸ್ಕ್ ಕೆಟ್ಟಿದ್ರೆ ಸಾಮಾನ್ಯವಾಗಿ ಪರದೆ ಮೇಲೆ ನಾಲ್ಕಕ್ಷರನಾದ್ರೂ ಮೂಡುತ್ತೆ. ಇದು ರ‍್ಯಾಮ್ ಇರಬೇಕು. ಪ್ಲಗ್ ಕಿತ್ತು, ಆ ಪಟ್ಟಿ ತೆಗೆದು, ಚಿನ್ನದ ಬಣ್ಣದ ಅಂಚನ್ನ ರಬ್ಬರಿಂದ ಮೆಲ್ಲಗೆ ಉಜ್ಜು."

ಮುಚ್ಚಳ ತೆಗೆದರೆ ಅಡಿಕೆ ಸುಲಿದ ಅಂಗಳದಷ್ಟು ದೂಳು! ದಿನಾ ಮನೆಯೆಲ್ಲ ಒರೆಸುವವಳು ಇದನ್ನೇ ಮರೆತಿದ್ದೆ. ಮಗನ ಕಂಪಾಸ್ ಪೆಟ್ಟಿಗೆಯ ರಬ್ಬರಿನಿಂದ ಉಜ್ಜಿ, ಟಕ್ಕೆನ್ನುವವರೆಗೆ ಒತ್ತಿ ಕೂರಿಸಿದೆ.

ಒಂದೇ ಒಂದು ಪುಟ್ಟ ಬೀಪ್. ಪರದೆ ಬೆಳಗಿತು. ಮೊದಲು ಪದಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡೆ. ಒಲೆಯ ಮೇಲಿಟ್ಟ ಹಾಲು ನೆನಪಾದದ್ದು ಆಮೇಲೆ.