ಕಪ್ಪು ಪರದೆ ಮತ್ತು ಗೌಡರ ಗದ್ದೆ

ಇದು ನಮ್ಮ ದಡ್ಡತನದ ಕತೆ. ಆದರೂ ಬರೆಯುತ್ತಿದ್ದೇವೆ, ಯಾಕಂದರೆ ನಮ್ಮ ಹಾಗೆ ಹಳೇ ಕಂಪ್ಯೂಟರ್ ಇಟ್ಟುಕೊಂಡವರು ಸುತ್ತಲಿನ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ.

ಹಾನುಬಾಳಿನಲ್ಲಿ ನಾವು ಮೂವರು ಸೇರಿ ವಿಡಿಯೊ ಎಡಿಟ್ ಮಾಡುವ ಕಂಪ್ಯೂಟರ್ ಒಂದು ಆಫೀಸಿನಿಂದ ಬಂದ ಸೆಕೆಂಡ್ ಹ್ಯಾಂಡ್ ಮಾಲು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಉಚಿತ ಸೆಕ್ಯುರಿಟಿ ಅಪ್‌ಡೇಟ್ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಪ್ರೊಸೆಸರ್ ಹಳೆಯದು, ಒಪ್ಪಲ್ಲ. ಹೊಸದಕ್ಕೆ ದುಡ್ಡಿಲ್ಲ. ಹಾಗಾಗಿ ಉಬುಂಟು ಹಾಕಿದೆವು. ಅದು ಲಿನಕ್ಸ್, ಪುಕ್ಕಟೆ, ಒಳಗಿನ ಕೋಡ್ ಯಾರು ಬೇಕಾದರೂ ಓದಬಹುದು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಇಂಥದ್ದೇ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ನಮಗೇನು ಧಾಡಿ ಅಂದುಕೊಂಡೆವು.

ಎಡಿಟಿಂಗ್‌ಗೆ ಕೆಡೆನ್‌ಲೈವ್ ಇತ್ತು. ಕಂಪ್ಯೂಟರ್ ಮಾತ್ರ ಏದುಸಿರು ಬಿಡುತ್ತಿತ್ತು. ಮೂವರೂ ದುಡ್ಡು ಹಾಕಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಳೆಯದೊಂದು ಗ್ರಾಫಿಕ್ಸ್ ಕಾರ್ಡ್ ತರಿಸಿದೆವು. ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ 1050 ಟಿಐ, 2016ರಲ್ಲಿ ಬಂದದ್ದು, 4 ಜಿಬಿ. ಇದಕ್ಕೆ ಬೇರೆ ಪವರ್ ವೈರ್ ಬೇಡ, ಮದರ್‌ಬೋರ್ಡಿನ ಸ್ಲಾಟಿನಿಂದಲೇ ಕರೆಂಟು ತಗೊಳ್ಳುತ್ತೆ. ಆಫೀಸ್ ಡಬ್ಬಕ್ಕೆ ಅದೇ ಅನುಕೂಲ.

ಕಾರ್ಡ್ ಕೂರಿಸಿದರೆ ಮುಗಿಯಲಿಲ್ಲ, ಡ್ರೈವರ್ ಬೇಕು. ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ಮಾತು ಮುಟ್ಟಿಸುವ ಸಾಫ್ಟ್‌ವೇರ್ ಅದು. ಉಬುಂಟುವಿನಲ್ಲಿ ನೂವೋ ಅನ್ನುವ ಡ್ರೈವರ್ ಮೊದಲೇ ಇರುತ್ತೆ. ಪರದೆ ಚೆನ್ನಾಗೇ ಬಂತು, ವೇಗ ಮಾತ್ರ ಬರಲಿಲ್ಲ. ಈ ತಲೆಮಾರಿನ ಕಾರ್ಡುಗಳಲ್ಲಿ ವೇಗ ಏರಿಸಬೇಕಾದರೆ ಕಂಪನಿ ಸಹಿ ಹಾಕಿದ ಫರ್ಮ್‌ವೇರ್ ಬೇಕು. ನೂವೋಗೆ ಅದು ಸಿಕ್ಕಿಲ್ಲ. ಕಾರ್ಡು ಆನ್ ಆದಾಗ ಇದ್ದ ನಿಧಾನದಲ್ಲೇ ಕೊನೆತನಕ ಕುಂಟುತ್ತೆ.

ಅವತ್ತು ನಮ್ಮ ಕೈಲಿದ್ದದ್ದು ಒಬ್ಬ ಗೌಡರ ವಿಡಿಯೊ. ಆನೆ ಕಾಟಕ್ಕೆ ಸೋತು ಗದ್ದೆ ಪಾಳು ಬಿಟ್ಟವರು. ಈ ಕಡೆ ಹಾಗೆ ಬಿಟ್ಟವರು ಅವರೊಬ್ಬರೇ ಅಲ್ಲ. ಎರಡು ತಿಂಗಳು ಅವರ ಮನೆಗೆ ಅಲೆದು ಮಾತಾಡಿಸಿದ್ದೆವು. ಸಿಕ್ಕಾಗೆಲ್ಲ ಒಂದೇ ಪ್ರಶ್ನೆ: "ಏನ್ರಪ್ಪಾ, ನನ್ನ ಗದ್ದೆ ಫೋನಲ್ಲಿ ಯಾವಾಗ ಬರುತ್ತೆ?" "ಈ ವಾರ ಗೌಡ್ರೇ" ಅಂತ ಮೂರು ವಾರ ಹೇಳಿಯಾಗಿತ್ತು.

ಸೆಟ್ಟಿಂಗ್ಸಿನಲ್ಲಿ 'ಅಡಿಷನಲ್ ಡ್ರೈವರ್ಸ್' ತೆರೆದರೆ ಉದ್ದ ಪಟ್ಟಿ. 580 ಅನ್ನುವ ಸಂಖ್ಯೆಯೇ ಎರಡು ಸಲ. ಒಂದರ ಕೊನೆಗೆ 'ಓಪನ್' ಅಂತಿದೆ, ಇನ್ನೊಂದಕ್ಕಿಲ್ಲ. ನಾವು ಮುಕ್ತ ಸಾಫ್ಟ್‌ವೇರ್ ಪಕ್ಷದವರಲ್ಲವೇ! ಹಿಂದುಮುಂದು ನೋಡದೆ 'ಓಪನ್' ಒತ್ತಿದೆವು. ಮೊಬೈಲ್ ಡೇಟಾದಲ್ಲಿ ಕೆಲವು ನೂರು ಎಂಬಿ ಇಳಿಯುವಷ್ಟರಲ್ಲಿ ಎರಡು ಸಲ ಕಾಫಿ ಆಯಿತು. ರೀಸ್ಟಾರ್ಟ್ ಮಾಡಿದೆವು.

ಫ್ಯಾನ್ ತಿರುಗುತ್ತಿದೆ, ಲೈಟ್ ಉರಿಯುತ್ತಿದೆ, ಪರದೆ ಕಗ್ಗತ್ತಲು.

ಗೌಡರ ಎರಡು ತಿಂಗಳ ಮಾತು ಅದೇ ಡಿಸ್ಕಿನಲ್ಲಿತ್ತು. ಕ್ಯಾಮೆರಾ ಕಾರ್ಡ್ ಅಳಿಸಿ ಮತ್ತೆ ಬಳಸಿದ್ದೆವು, ಬ್ಯಾಕಪ್ ಇರಲಿಲ್ಲ. ಒಬ್ಬ "ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕೋಣ" ಅಂದ. ಉಳಿದಿಬ್ಬರು ಅವನ ಕೈ ಹಿಡಿದದ್ದು ಪುಣ್ಯ. ಪರದೆ ಕಪ್ಪಾದರೆ ಒಳಗಿನ ಫೈಲು ಹೋಯಿತು ಅಂತಲ್ಲ. ಇದೊಂದು ಗೊತ್ತಿಲ್ಲದೆ ಎಷ್ಟು ಜನರ ಮದುವೆ ಫೋಟೊ ಹೋಗಿದೆಯೋ.

ಆನ್ ಆಗುವಾಗ ಎಸ್ಕೇಪ್ ಕೀ ಒತ್ತಿದರೆ ಗ್ರಬ್ ಅನ್ನುವ ಮೆನು ಬರುತ್ತೆ. ಕೆಲವು ಕಂಪ್ಯೂಟರಿನಲ್ಲಿ ಶಿಫ್ಟ್ ಒತ್ತಬೇಕು. ನಮಗೆ ನಾಲ್ಕನೇ ಸಲಕ್ಕೆ ಸಿಕ್ಕಿತು. ಅಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್', ಅದರೊಳಗೆ 'ರಿಕವರಿ ಮೋಡ್'. ಬರೀ ಅಕ್ಷರದ ಪರದೆ ಬಂತು. ಚಿತ್ರ ಇಲ್ಲದಿದ್ದರೇನು, ಜೀವ ಇದೆ ಅಂತಾಯಿತು. ಕರ್ನೆಲ್ ಬರೆದಿಟ್ಟ ಸಂದೇಶಗಳನ್ನು 'ಡಿಮೆಸೇಜ್' ಕಮಾಂಡಿನಲ್ಲಿ ತೆಗೆದು ಒಂದೊಂದೇ ಸಾಲು ಓದಿದೆವು. ಉತ್ತರ ಅಲ್ಲೇ ಸ್ಪಷ್ಟವಾಗಿತ್ತು: ಈ ಕಾರ್ಡಿನಲ್ಲಿ ಜಿಎಸ್‌ಪಿ ಅನ್ನುವ ಪ್ರೊಸೆಸರ್ ಇಲ್ಲ, ಆದ್ದರಿಂದ ಓಪನ್ ಡ್ರೈವರ್ ಇದನ್ನು ನಡೆಸುವುದಿಲ್ಲ.

ಆಮೇಲೆ ಓದಿ ತಿಳಿದದ್ದು ಇಷ್ಟು. ಲಿನಕ್ಸ್ ಹುಟ್ಟಿಸಿದ ಲಿನಸ್ ಟೋರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ, ಸಹಕಾರ ಕೊಡುತ್ತಿಲ್ಲ ಅಂತ ಈ ಕಂಪನಿಗೆ ಕ್ಯಾಮೆರಾ ಮುಂದೆಯೇ ಬೆರಳು ತೋರಿಸಿ ಬೈದಿದ್ದರು. 2022ರ ಮೇ ತಿಂಗಳಲ್ಲಿ ಕಂಪನಿ ಡ್ರೈವರಿನ ಕರ್ನೆಲ್ ಭಾಗವನ್ನು ಮುಕ್ತ ಮಾಡಿತು. ಆದರೆ ಅದು ನಡೆಯುವುದು 2018ರಲ್ಲಿ ಬಂದ ಟ್ಯೂರಿಂಗ್ ತಲೆಮಾರು ಮತ್ತು ಅದರ ನಂತರದ ಕಾರ್ಡುಗಳಲ್ಲಿ. ನಮ್ಮದು ಅದಕ್ಕಿಂತ ಒಂದು ತಲೆಮಾರು ಹಿಂದಿನ ಪಾಸ್ಕಲ್. ಅಂದರೆ ಮುಕ್ತ ಡ್ರೈವರ್ ಸಿಗುವುದು ಹೊಸ ಕಾರ್ಡ್ ಕೊಳ್ಳುವವರಿಗೆ. ಸೆಕೆಂಡ್ ಹ್ಯಾಂಡಿನವರಿಗೆ ಮುಚ್ಚಿದ್ದೇ ಗತಿ. ನಮಗೆ ಇದು ಸರಿ ಕಾಣುವುದಿಲ್ಲ, ಆದರೂ ಕೆಲಸ ಆಗಬೇಕಲ್ಲ.

ರಿಕವರಿಯಲ್ಲೇ ಆ ಡ್ರೈವರನ್ನು ಪರ್ಜ್ ಮಾಡಿ ರೀಸ್ಟಾರ್ಟ್ ಮಾಡಿದೆವು. ನೂವೋ ಮರಳಿ ಬಂತು. ಮೊದಲು ಗೌಡರ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿದೆವು. ಆಮೇಲೆ ಹೆಸರಿನಲ್ಲಿ 'ಓಪನ್' ಇಲ್ಲದ 580 ಹಾಕಿದೆವು. ಈ ಸಲ 'ಎನ್‌ವಿಡಿಯಾ ಎಸ್‌ಎಂಐ' ಕಮಾಂಡ್ ಕೊಟ್ಟಾಗ ಕಾರ್ಡಿನ ಹೆಸರು, ಬಿಸಿ, ಮೆಮೊರಿ ಎಲ್ಲ ಪಟ್ಟಿಯಾಗಿ ಬಂತು. ಪಾಸ್ಕಲ್ ಕಾರ್ಡುಗಳಿಗೆ 580 ಸರಣಿಯೇ ಕೊನೆಯದು ಅಂತ ಕಂಪನಿ ಹೇಳಿದೆ, ಹಳೇ ಕಾರ್ಡ್ ಕೊಳ್ಳುವವರು ಗಮನಿಸಿ. ಎಎಮ್‌ಡಿ ಕಾರ್ಡಾದರೆ ಡ್ರೈವರ್ ಲಿನಕ್ಸ್ ಕರ್ನೆಲ್ಲಿನಲ್ಲೇ ಇರುತ್ತೆ. ಮುಂದಿನ ಸಲ ನಾವು ಅದನ್ನೇ ಹುಡುಕುತ್ತೇವೆ.

ಭಾನುವಾರ ಗೌಡರ ಜಗಲಿಯಲ್ಲಿ ಕೂತು ಫೋನ್ ಕೊಟ್ಟೆವು. ಕಣ್ಣಿಗೆ ಹತ್ತಿರ ಹಿಡಿದು ಪೂರ್ತಿ ನೋಡಿದರು. ಮತ್ತೆ ಮೊದಲಿನಿಂದ ಹಾಕಿಸಿದರು. ಒಂದು ಕಡೆ ನಿಲ್ಲಿಸಲು ಹೇಳಿ ಬೆರಳಿಟ್ಟರು.

"ಇಲ್ನೋಡಿ, ಬೇಲಿ ಮುರಿದಿರೋದು. ಆನೆ ಇಳಿಯೋದೇ ಇಲ್ಲಿಂದ. ಇದನ್ನ ಜಾಸ್ತಿ ತೋರಿಸಬೇಕಿತ್ತು ನೀವು."

ಆ ಶಾಟ್ ನಮ್ಮಲ್ಲಿ ಇನ್ನೂ ಎರಡು ನಿಮಿಷ ಇದೆ. ಇವತ್ತು ರಾತ್ರಿ ಕರೆಂಟಿದ್ದರೆ ಸೇರಿಸುತ್ತೇವೆ.