ಇಪ್ಪತ್ತೇಳನೆಯ ತಾರೀಕು ಇಲ್ಲದ ಊರು

ಕೆನಡಾ ದೇಶದ ಒಟ್ಟಾವಾ ನಗರದಲ್ಲಿರುವ ಮಗಳ ಮನೆಗೆ ನಾನು ಹೊರಟದ್ದು ಡಿಸೆಂಬರ್ ತಿಂಗಳ ಮೊದಲ ವಾರದಲ್ಲಿ. ಬೆಂಗಳೂರಿನ ಮಿತ್ರರೆಲ್ಲರೂ ಅಲ್ಲಿನ ಚಳಿಯ ವಿಚಾರವಾಗಿ ನನ್ನನ್ನು ಎಚ್ಚರಿಸಿದರು. ಒಬ್ಬರು ಉಣ್ಣೆಯ ಟೋಪಿ ಕೊಟ್ಟರು. ಇನ್ನೊಬ್ಬರು ಕೈಗವಸು ಕೊಟ್ಟರು. ಆದರೆ ಅಲ್ಲಿನ ದೂರದರ್ಶನದ ವಿಚಾರವಾಗಿ ನನ್ನನ್ನು ಎಚ್ಚರಿಸಿದವರು ಯಾರೂ ಇರಲಿಲ್ಲ.

ಮಗಳು ಕಚೇರಿಯಿಂದ ಬಂದು, ದೇವರಿಗೆ ದೀಪ ಹಚ್ಚಿ, ಸಾರು ಅನ್ನ ಮಾಡಿ, ತಟ್ಟೆ ಹಿಡಿದು ದೂರದರ್ಶನದ ಮುಂದೆ ಕುಳಿತರೆ ಏಳುತ್ತಿದ್ದುದು ಒಂದು ಚಿತ್ರ ಮುಗಿದ ಮೇಲೆಯೇ. ಮೊದಲ ದಿನದ ಚಿತ್ರದಲ್ಲಿ ಮಹಾನಗರದ ದೊಡ್ಡ ಹುದ್ದೆಯ ತರುಣಿಯೊಬ್ಬಳು ಕ್ರಿಸ್‌ಮಸ್ಸಿಗೆ ತನ್ನ ಹುಟ್ಟೂರಿಗೆ ಬಂದಳು. ಅಲ್ಲಿ ಅವಳ ಮನೆತನದ ಬೇಕರಿ ಮುಚ್ಚುವ ಸ್ಥಿತಿಯಲ್ಲಿತ್ತು. ಒಬ್ಬ ಬಡಗಿ ಪರಿಚಯವಾದ. ವಿಧುರ, ಜೊತೆಗೆ ಜಾಣೆಯಾದ ಒಬ್ಬ ಪುಟ್ಟ ಮಗಳು. ಎಲ್ಲರೂ ಸೇರಿ ಮರ ಅಲಂಕರಿಸಿದರು, ಬಿಸ್ಕತ್ತು ಸುಟ್ಟರು, ಹಿಮದ ಉಂಡೆ ಎರಚಾಡಿದರು. ಚಿತ್ರ ಮುಗಿಯಲು ಇಪ್ಪತ್ತು ನಿಮಿಷವಿರುವಾಗ ಒಂದು ತಪ್ಪು ತಿಳಿವಳಿಕೆ. ಐದು ನಿಮಿಷವಿರುವಾಗ ಅದರ ನಿವಾರಣೆ. ಕೊನೆಯ ನಿಮಿಷದಲ್ಲಿ ಒಂದು ಚುಂಬನ. ಮೇಲಿನಿಂದ ಹಿಮ ಬಿತ್ತು.

ಎರಡನೆಯ ದಿನ ಬೇರೊಂದು ಚಿತ್ರ. ಬೇಕರಿಯ ಬದಲು ಛತ್ರದಂಥ ಒಂದು ಹಳೆಯ ವಸತಿಗೃಹ. ಮಿಕ್ಕದ್ದೆಲ್ಲ ಹಾಗೆಯೇ. ಮೂರನೆಯ ದಿನ ಬಡಗಿಯ ಸ್ಥಾನದಲ್ಲಿ ಭೂಪಟದಲ್ಲಿ ಎಲ್ಲಿಯೂ ಕಾಣದ ದೇಶದ ರಾಜಕುಮಾರ. ನಾಲ್ಕನೆಯ ದಿನ ನಾನು ಮೊದಲ ಹತ್ತು ನಿಮಿಷ ನೋಡಿ, ಮುಂದಿನ ಕಥೆಯನ್ನು ಪೂರ್ತಿಯಾಗಿ ಹೇಳಿಬಿಟ್ಟೆ. ಮಗಳು ತಟ್ಟೆಯಿಂದ ತಲೆಯೆತ್ತದೆಯೇ ಹೇಳಿದಳು:

“ನನಗೂ ಗೊತ್ತು, ಅಪ್ಪ. ಅದಕ್ಕೇ ನೋಡುವುದು.”

ಈ ಉತ್ತರ ನನಗೆ ಆಗ ಉತ್ತರವಾಗಿ ಕಾಣಲಿಲ್ಲ.

ಈ ಚಿತ್ರಗಳ ವಂಶವೃಕ್ಷವನ್ನು ಸ್ವಲ್ಪ ಕೆದಕಿದರೆ ಮೂಲ ಮಾತ್ರ ಗೌರವಾನ್ವಿತವಾದದ್ದು. ಶುಭಾಶಯ ಪತ್ರಗಳನ್ನು ಮಾರುತ್ತಿದ್ದ ಹಾಲ್‌ಮಾರ್ಕ್ ಸಂಸ್ಥೆ 1951ರ ಡಿಸೆಂಬರ್ 24ರ ರಾತ್ರಿ ಅಮೆರಿಕದ ದೂರದರ್ಶನದಲ್ಲಿ ಒಂದು ಸಂಗೀತನಾಟಕವನ್ನು ಪ್ರಾಯೋಜಿಸಿತು. ಮೆನೊಟ್ಟಿ ಎಂಬ ಸಂಗೀತಕಾರ ದೂರದರ್ಶನಕ್ಕಾಗಿಯೇ ರಚಿಸಿದ ಕೃತಿ ಅದು. ಊರುಗೋಲು ಹಿಡಿದು ನಡೆಯುವ ಬಡ ಕುರಿಗಾಹಿ ಹುಡುಗನ ಗುಡಿಸಲಿಗೆ ಮೂವರು ಅರಸರು ಬಂದಿಳಿಯುವ ಕಥೆ. ಅದೇ ಸಂಸ್ಥೆಯ ಹೆಸರಿನ ದೂರದರ್ಶನ ವಾಹಿನಿ 2001ರಲ್ಲಿ ಆರಂಭವಾಯಿತು. 2009ರಿಂದ ಕ್ರಿಸ್‌ಮಸ್ಸಿನ ಹಿಂದಿನ ವಾರಗಳಲ್ಲಿ ಇಂಥ ಪ್ರಣಯಚಿತ್ರಗಳ ಸಾಲನ್ನೇ ಅದು ಹರಿಯಬಿಟ್ಟಿತು. 2019ರ ಒಂದೇ ಋತುವಿನಲ್ಲಿ ಆ ಬಳಗದ ವಾಹಿನಿಗಳು ತೋರಿಸಿದ ಹೊಸ ಚಿತ್ರಗಳು 40. ಬೇರೆ ವಾಹಿನಿಗಳೂ ನೆಟ್‌ಫ್ಲಿಕ್ಸಿನಂಥ ಸಂಸ್ಥೆಗಳೂ ಈ ಓಟದಲ್ಲಿ ಸೇರಿಕೊಂಡವು. ಚಿತ್ರವೊಂದರ ಚಿತ್ರೀಕರಣಕ್ಕೆ ಹಿಡಿಯುವುದು ಎರಡು ಮೂರು ವಾರ ಮಾತ್ರ. ಜಾಹೀರಾತಿಗೆಂದು ಕಥೆಯನ್ನು ಆಗಾಗ ನಿಲ್ಲಿಸಬೇಕಾದುದರಿಂದ, ಪ್ರತಿ ನಿಲುಗಡೆಗೂ ಒಂದು ಸಣ್ಣ ಕುತೂಹಲವನ್ನು ಕಟ್ಟಿರುತ್ತಾರೆ. ವಾರಪತ್ರಿಕೆಯ ಧಾರಾವಾಹಿಯನ್ನು ಕಾದು ಓದಿದ ನಮಗೆ ಈ ವಿದ್ಯೆ ಹೊಸದೇನೂ ಅಲ್ಲ.

ಇವುಗಳ ದೋಷಗಳನ್ನು ಎಣಿಸುವುದಕ್ಕೆ ಪಾಂಡಿತ್ಯ ಬೇಕಿಲ್ಲ. ಊರು ಬಿಟ್ಟು ದುಡಿಯಲು ಹೋದ ಹೆಣ್ಣು ಏನನ್ನೋ ಕಳೆದುಕೊಂಡವಳೇ ಆಗಿರಬೇಕು. ಹುದ್ದೆಯನ್ನು ತೊರೆದಾಗಲೇ ಅವಳಿಗೆ ಸುಖ. ಸಾಲದ ಹೊರೆಯನ್ನು ಒಂದು ಸಂಜೆಯ ಜಾತ್ರೆ ಇಳಿಸಿಬಿಡುತ್ತದೆ. ಬಹುಕಾಲ ಈ ಊರುಗಳ ನಾಯಕ ನಾಯಿಕೆಯರು ಹೆಚ್ಚುಕಡಿಮೆ ಬಿಳಿಯರೇ ಆಗಿದ್ದರು. ನನ್ನ ಮಗಳಂಥವಳು ಅಲ್ಲಿ ಹೆಚ್ಚೆಂದರೆ ನಾಯಿಕೆಯ ಗೆಳತಿ. 2019ರ ಡಿಸೆಂಬರಿನಲ್ಲಿ, ಇಬ್ಬರು ಹೆಂಗಸರ ವಿವಾಹವನ್ನು ತೋರಿಸುವ ಜಾಹೀರಾತುಗಳನ್ನು ಹಾಲ್‌ಮಾರ್ಕ್ ವಾಹಿನಿ ತೆಗೆದುಹಾಕಿ, ಟೀಕೆಯ ಬಿರುಗಾಳಿಯೆದ್ದ ಮೇಲೆ ಕ್ಷಮೆ ಕೇಳಿ ನಿರ್ಧಾರವನ್ನು ಬದಲಿಸಿತು. ಅಲ್ಲಿಂದೀಚೆಗೆ ಪಾತ್ರವರ್ಗ ಸ್ವಲ್ಪ ವಿಸ್ತಾರವಾಗಿದೆ. ಕಥೆಯ ಅಚ್ಚು ಮಾತ್ರ ಬದಲಾಗಿಲ್ಲ. ನೋಡುವವರ ಪಾಡೂ ಅಷ್ಟೆ. ತನ್ನದೇ ಒಂದು ಕ್ರಿಸ್‌ಮಸ್ ಚಿತ್ರವನ್ನು ಸತತ ಹದಿನೆಂಟು ದಿನ ದಿನಕ್ಕೊಮ್ಮೆ ನೋಡಿದ 53 ಜನರನ್ನು 2017ರಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯೇ ಬಹಿರಂಗವಾಗಿ ಹಾಸ್ಯಮಾಡಿ, ನಿಮ್ಮ ಮನಸ್ಸನ್ನು ನೋಯಿಸಿದವರು ಯಾರು ಎಂದು ಕೇಳಿತ್ತು. ಈ ಸಂಗತಿಯನ್ನು ಕೇಳಿ ನಾನೂ ನಕ್ಕೆ. ಮಗಳು ನಗಲಿಲ್ಲ.

“ನೀವು ಈ ವಾರ ನೋಡಿದ ಒಂದು ಬೀದಿ ಇಲ್ಲೇ ಹತ್ತಿರದಲ್ಲಿದೆ. ಒಮ್ಮೆ ನೋಡಿ ಬರೋಣ,” ಎಂದಳು. ಅವಳಿಗೆ ಬಿಡುವು ಸಿಕ್ಕಿದ್ದು ಹಬ್ಬ ಕಳೆದ ಮೇಲೆ, 27ನೆಯ ತಾರೀಕು. ನಾನು ಮರಳಬೇಕಾದದ್ದು 29ರಂದು.

ಒಟ್ಟಾವಾ ನಗರದಿಂದ ನೈಋತ್ಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ ಆಲ್ಮಾಂಟ್. ಹತ್ತೊಂಬತ್ತನೆಯ ಶತಮಾನದ ಮೆಕ್ಸಿಕೋ ದೇಶದ ಒಬ್ಬ ಸೇನಾನಿಯ ಹೆಸರನ್ನು ಈ ಊರಿಗೆ ಏಕೆ ಇಟ್ಟರೋ; ಅವನು ಆಲ್ಮೋಂಟೆ, ಊರಿನವರು ಅವನನ್ನು ತಮ್ಮ ನಾಲಗೆಗೆ ತಕ್ಕಂತೆ ಆಲ್ಮಾಂಟ್ ಮಾಡಿಕೊಂಡಿದ್ದಾರೆ. ಊರ ನಡುವೆ ಹರಿಯುವ ನದಿಗೆ ಮಿಸಿಸಿಪ್ಪಿ ಎಂದು ಹೆಸರು. ಅಮೆರಿಕದ ಮಹಾನದಿಗೂ ಇದಕ್ಕೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ. ಆದರೂ ಊರೊಳಗೇ ಬಂಡೆಯಿಂದ ಬಂಡೆಗೆ ಧುಮುಕುವ ಅದರ ರಭಸವನ್ನು ನೋಡಿದರೆ, ಹೆಸರನ್ನು ಕದ್ದದ್ದಕ್ಕೆ ಕ್ಷಮಿಸಬಹುದೆನಿಸುತ್ತದೆ. ಈ ನೀರಿನ ಬಲದಿಂದಲೇ ಇಲ್ಲಿ ಉಣ್ಣೆಯ ಗಿರಣಿಗಳು ಬೆಳೆದವು. ಆ ಸಂಪತ್ತಿನ ಕಾಲದಲ್ಲಿ, 1885ರಲ್ಲಿ, ಕಟ್ಟಿದ ಕಲ್ಲಿನ ಪುರಭವನ ಈಗಲೂ ನದಿಯಂಚಿನಲ್ಲಿ ನಿಂತಿದೆ.

ಮಿಲ್ ಬೀದಿಗೆ ಬಂದೊಡನೆ ನಾನು ನಿಂತುಬಿಟ್ಟೆ. ಕಲ್ಲುಗೋಡೆಯ ಅಂಗಡಿಗಳು, ಇಳಿಜಾರಿನ ಕಾಲುದಾರಿ, ಹಳೆಯ ಅಂಚೆಮನೆಯ ಗಡಿಯಾರದ ಗೋಪುರ: ಹಿಂದೆಂದೂ ಕಾಲಿಡದ ಬೀದಿ ಪರಿಚಿತವಾಗಿ ಕಂಡಿತು. ಇದೇ ತಿರುವಿನಲ್ಲಿ ಬಡಗಿ ತರುಣಿಗೆ ಡಿಕ್ಕಿ ಹೊಡೆದು ಅವಳ ಕಾಫಿ ಚೆಲ್ಲಿದ್ದನಲ್ಲವೇ! ಇಂಥ ಹಲವಾರು ಚಿತ್ರಗಳು ಈ ಊರಿನಲ್ಲಿ ತಯಾರಾಗಿವೆ. ಕಥೆ ನಡೆಯುವುದು ಸಾಮಾನ್ಯವಾಗಿ ಅಮೆರಿಕದ ಯಾವುದೋ ಕಲ್ಪಿತ ಊರಿನಲ್ಲಿ, ಚಿತ್ರೀಕರಣ ಕೆನಡಾದಲ್ಲಿ. ಇಲ್ಲಿನ ಡಾಲರು ಅಗ್ಗ, ತೆರಿಗೆಯಲ್ಲಿಯೂ ರಿಯಾಯಿತಿಯುಂಟು. ಅಂಗಡಿಯ ಫಲಕಗಳನ್ನು ಬದಲಿಸಿ, ಕೆನಡಾದ ಬಾವುಟಗಳನ್ನು ಇಳಿಸಿದರೆ ಪರದೇಶ ಸಿದ್ಧವಾಗುತ್ತದೆ.

ಕಾಫಿ ಅಂಗಡಿಯ ಹೆಂಗಸೊಬ್ಬರು ನಮ್ಮ ಕುತೂಹಲವನ್ನು ಗುರುತಿಸಿ ನಕ್ಕರು. ಬೇಸಗೆಯಲ್ಲಿಯೂ ಚಿತ್ರೀಕರಣ ನಡೆಯುವುದುಂಟಂತೆ. ನೆತ್ತಿ ಸುಡುವ ಬಿಸಿಲಿನಲ್ಲಿ ನಟನಟಿಯರು ಉಣ್ಣೆಯ ಕೋಟು ತೊಟ್ಟು ನಿಂತಿರುತ್ತಾರೆ. ನೆಲಕ್ಕೆ ಬಿಳಿಯ ಕಂಬಳಿ ಹಾಸಿ ಅದನ್ನು ಹಿಮವೆನ್ನುತ್ತಾರೆ. ಗಾಳಿಯಲ್ಲಿ ಬಿಳಿಯ ನೊರೆ ಹಾರಿಸುತ್ತಾರೆ. ಪಾತ್ರಧಾರಿಗಳು ಬೆವರು ಒರೆಸಿಕೊಂಡು ಚಳಿಯಿಂದ ನಡುಗುತ್ತಾರೆ. ಆ ದಿನಗಳಲ್ಲಿ ವ್ಯಾಪಾರ ಚೆನ್ನಾಗಿರುತ್ತದೆ ಎಂದರು ಆಕೆ. ನಾವು ಹೋದ ದಿನವಾದರೋ ನಿಜವಾದ ಡಿಸೆಂಬರು. ಬೀದಿಯಲ್ಲಿ ಇದ್ದದ್ದು ಕಾರಿನ ಚಕ್ರಗಳು ಅರೆದ ಕಂದುಬಣ್ಣದ ಕೆಸರುಹಿಮ.

ಬ್ಯಾಸ್ಕೆಟ್‌ಬಾಲ್ ಆಟವನ್ನು 1891ರಲ್ಲಿ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಹುಟ್ಟಿದ್ದು ಈ ಊರ ಬಳಿ. ಬೀದಿಯಲ್ಲಿ ಅವನ ಕಂಚಿನ ಪ್ರತಿಮೆ, ಹಣ್ಣಿನ ಬುಟ್ಟಿಯೊಡನೆ ಕುಳಿತಿದೆ. ಉಣ್ಣೆಯ ಗಿರಣಿಗಳು ಮಾತ್ರ ಇಪ್ಪತ್ತನೆಯ ಶತಮಾನದಲ್ಲಿ ಒಂದೊಂದಾಗಿ ಮುಚ್ಚಿದವು. ಒಂದರ ಕಟ್ಟಡದಲ್ಲಿ ಈಗ ವಸ್ತ್ರೋದ್ಯಮದ ವಸ್ತುಸಂಗ್ರಹಾಲಯವಿದೆ. ಚಿತ್ರಗಳಲ್ಲಿ ಮುಚ್ಚಲಿರುವ ಪ್ರತಿಯೊಂದು ಬೇಕರಿಯೂ ಕ್ರಿಸ್‌ಮಸ್ ಜಾತ್ರೆಯಿಂದ ಉಳಿಯುತ್ತದೆ. ಈ ಗಿರಣಿಗಳನ್ನು ಉಳಿಸಲು ಯಾವ ಜಾತ್ರೆಯೂ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಳೆಯ ರೈಲುದಾರಿಯ ಕಡೆಗೆ ನಡೆದೆವು. ಕಂಬಿಗಳನ್ನು ಕಿತ್ತು ಬಹಳ ವರ್ಷವಾಗಿಲ್ಲ. ಈಗ ಅದು ನಡೆಯುವವರ, ಸೈಕಲ್ ಸವಾರರ ದಾರಿ. ಅಲ್ಲಿನ ಸ್ಮಾರಕದ ಮುಂದೆ ನಿಂತಾಗಲೇ ನನಗೆ ತಿಳಿದದ್ದು, ನಾವು ಬಂದ ತಾರೀಕು ಎಂಥದೆಂದು. 1942ರ ಡಿಸೆಂಬರ್ 27, ಭಾನುವಾರದ ರಾತ್ರಿ. ಯುದ್ಧಕಾಲ. ಕ್ರಿಸ್‌ಮಸ್ಸಿಗೆ ತಮ್ಮ ಊರುಗಳಿಗೆ ಬಂದಿದ್ದವರು ಒಟ್ಟಾವಾ ನಗರದ ಕೆಲಸಗಳಿಗೆ ಹಿಂದಿರುಗುತ್ತಿದ್ದರು. ಮರದ ಬೋಗಿಗಳು ಕಿಕ್ಕಿರಿದಿದ್ದವು, ಹವಾಮಾನ ಕೆಟ್ಟಿತ್ತು, ಗಾಡಿ ತಡವಾಗಿತ್ತು. ಆಲ್ಮಾಂಟ್ ನಿಲ್ದಾಣದಲ್ಲಿ ಅದು ನಿಂತಿದ್ದಾಗ ಹಿಂದಿನಿಂದ ಸೈನಿಕರ ರೈಲೊಂದು ಬಂದು ಅಪ್ಪಳಿಸಿತು. 30ಕ್ಕೂ ಹೆಚ್ಚು ಜನ ಸತ್ತರು. 100ಕ್ಕೂ ಹೆಚ್ಚು ಜನ ಗಾಯಗೊಂಡರು. ಗಾಯಾಳುಗಳನ್ನು ಎತ್ತಿ ತಂದವರಲ್ಲಿ, ಉಪಚರಿಸಿದವರಲ್ಲಿ ಊರಿನ ಸಾಮಾನ್ಯ ಜನ ಬಹಳ ಮಂದಿ. ನಾವು ಬೆಳಗ್ಗೆ ಮೆಚ್ಚಿ ನೋಡಿದ ಪುರಭವನ ಆ ರಾತ್ರಿ ಆಸರೆಯ ಸ್ಥಳವಾಗಿತ್ತು.

ನಾನು ಬಹಳ ಹೊತ್ತು ಅಲ್ಲಿ ನಿಂತೆ. ಅಷ್ಟು ದಿನ ನೋಡಿದ ಚಿತ್ರಗಳ ನಿಜವಾದ ಕೊರತೆ ಏನೆಂಬುದು ನನಗೆ ಹೊಳೆದದ್ದು ಆ ಕೆಸರುಹಿಮದಲ್ಲಿ. ಅಚ್ಚಿನ ಕಥೆ, ಕಾಗದದ ಹಿಮ, ಸುಲಭದ ಕಣ್ಣೀರು, ಇವೆಲ್ಲ ಸಣ್ಣ ತಪ್ಪುಗಳು. ಆ ಚಿತ್ರಗಳ ಪಂಚಾಂಗದಲ್ಲಿ 27ನೆಯ ತಾರೀಕೇ ಇಲ್ಲ. ಮನುಷ್ಯರನ್ನು ಮನೆಗೆ ಕರೆತರುವುದು ಅವಕ್ಕೆ ಗೊತ್ತು, ಕಳುಹಿಸಿಕೊಡುವುದು ಗೊತ್ತಿಲ್ಲ. ಹಬ್ಬದ ಹಿಂದಿನ ರಾತ್ರಿ ಹಿಮ ಬೀಳುತ್ತಲೇ ಕಥೆ ನಿಂತುಬಿಡುತ್ತದೆ. ಆದರೆ ಮನೆಗೆ ಬಂದವರೆಲ್ಲ ಒಂದು ದಿನ ಪೆಟ್ಟಿಗೆ ಕಟ್ಟಲೇಬೇಕು. ಹಬ್ಬದ ಮಾರನೆಯ ದಿನಗಳ ರೈಲು ಅಂಥವರಿಂದಲೇ ತುಂಬಿರುತ್ತದೆ.

ಇದನ್ನು ಮಗಳಿಗೆ ಹೇಳಿದೆ. ಏನೋ ದೊಡ್ಡದನ್ನು ಕಂಡುಹಿಡಿದವನಂತೆಯೇ ಹೇಳಿದೆನೆಂದು ತೋರುತ್ತದೆ. ಅವಳು ಸ್ವಲ್ಪ ದೂರ ಸುಮ್ಮನೆ ನಡೆದಳು. ಆಮೇಲೆ, “ನಾನು ಇವನ್ನು ನೋಡಲು ಆರಂಭಿಸಿದ್ದು 2020ರಲ್ಲಿ, ಅಪ್ಪ,” ಎಂದಳು.

ಹೆಚ್ಚು ಹೇಳಬೇಕಾಗಿರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಅವಳ ತಾಯಿ ತೀರಿಕೊಂಡಳು. ಸೋಂಕಿನ ಕಾಲ, ಭಾರತಕ್ಕೆ ನಿಯತವಾಗಿ ಹಾರುತ್ತಿದ್ದ ವಿಮಾನಗಳೆಲ್ಲ ನಿಂತಿದ್ದವು. ಮಗಳು ಅಂತ್ಯಕ್ರಿಯೆಯನ್ನು ನೋಡಿದ್ದು ನೆರೆಮನೆಯ ಹುಡುಗ ಎತ್ತಿ ಹಿಡಿದ ಫೋನಿನ ಮೂಲಕ. ಆ ವಿಚಾರವನ್ನು ನಾವಿಬ್ಬರೂ ಅನಂತರ ಎಂದೂ ಎತ್ತಿರಲಿಲ್ಲ.

“ಆ ಚಳಿಗಾಲದಲ್ಲಿ ಬೇರೇನೂ ನೋಡಲಾಗುತ್ತಿರಲಿಲ್ಲ. ಇವುಗಳಲ್ಲಿ ಮೊದಲ ಹತ್ತು ನಿಮಿಷದೊಳಗೆ ಹುಡುಗಿ ಮನೆ ಸೇರಿಬಿಡುತ್ತಾಳೆ. ವಿಮಾನ ತಪ್ಪಿದರೂ, ಹಿಮ ಬಿದ್ದು ದಾರಿ ಮುಚ್ಚಿದರೂ, ಹೇಗೋ ಹೊತ್ತಿಗೆ ಸರಿಯಾಗಿ ಸೇರುತ್ತಾಳೆ. ಸುಳ್ಳೆಂದು ಗೊತ್ತು. ಒಂದಾದಮೇಲೆ ಒಂದು ನೋಡುತ್ತಿದ್ದೆ, ಅವಳು ಬಾಗಿಲು ತಟ್ಟುವವರೆಗೆ. ಎಷ್ಟೋ ಚಿತ್ರಗಳನ್ನು ಅಲ್ಲಿಗೇ ನಿಲ್ಲಿಸಿದ್ದೇನೆ. ಆ ಬಡಗಿ ನನಗೆ ಬೇಕೇ ಇರಲಿಲ್ಲ.”

ನಾಲ್ಕು ದಿನ ನೋಡಿ ಕಥೆ ಪೂರ್ತಿ ತಿಳಿಯಿತೆಂದುಕೊಂಡಿದ್ದ ನನಗೆ ಅದರ ಮುಖ್ಯ ಘಟನೆಯೇ ಕಂಡಿರಲಿಲ್ಲ. ನಾನು ಚುಂಬನವನ್ನು ಕಥೆಯ ಗುರಿಯೆಂದು ತಿಳಿದಿದ್ದೆ. ನನ್ನ ಮಗಳು ಬಾಗಿಲನ್ನು ನೋಡುತ್ತಿದ್ದಳು. ಹದಿನೆಂಟು ದಿನ ಒಂದೇ ಚಿತ್ರವನ್ನು ನೋಡಿದ ಆ 53 ಜನ ಏನನ್ನು ನೋಡುತ್ತಿದ್ದರೋ, ಯಾರು ಬಲ್ಲರು? ಅವರನ್ನು ಕುರಿತು ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು.

ಇಷ್ಟರಿಂದ ಆ ಚಿತ್ರಗಳು ಒಳ್ಳೆಯ ಚಿತ್ರಗಳಾಗಿಬಿಟ್ಟವೆಂದು ನಾನು ಹೇಳಲಾರೆ. ನೋವನ್ನು ಅರಿತ ಕಲೆ 27ನೆಯ ತಾರೀಕನ್ನೂ ಬರೆಯುತ್ತದೆ. ಆದರೆ ಕಾಯಿಲೆಯವರಿಗೆ ಗಂಜಿಯೇ ಊಟವಾಗುವ ದಿನಗಳಿವೆ. ಅಂಥವರ ಮುಂದೆ ಗಂಜಿಯಲ್ಲಿ ಉಪ್ಪು ಖಾರ ಸಾಲದೆಂದು ವಾದಿಸುವುದು ಸಭ್ಯತೆಯಲ್ಲ.

29ರಂದು ವಿಮಾನನಿಲ್ದಾಣದಲ್ಲಿ ನನ್ನನ್ನು ತಡೆಯಲು ಯಾರೂ ಓಡಿಬರಲಿಲ್ಲ, ಹಿಮವೂ ಬೀಳಲಿಲ್ಲ. ಮಗಳು ನನ್ನ ಪೆಟ್ಟಿಗೆಯ ತೂಕವನ್ನು ಎರಡು ಸಲ ನೋಡಿ, ಕೊರಳಿನ ಉಣ್ಣೆವಸ್ತ್ರವನ್ನು ಸರಿಪಡಿಸಿ, “ಔಷಧಿ ಕೈಚೀಲದಲ್ಲಿದೆ,” ಎಂದಳು. ಗಾಜಿನ ಬಾಗಿಲಿನ ಆಚೆ ನಾನು ಕಾಣದಾಗುವವರೆಗೆ ನಿಂತಿದ್ದಳು.

ಚಳಿಗಾಲದಲ್ಲಿ ಒಟ್ಟಾವಾ ನಗರದ ಗಡಿಯಾರ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅವಳ ರಾತ್ರಿಯ ಎಂಟು ನನಗೆ ಬೆಳಗಿನ ಆರೂವರೆ. ಡಿಸೆಂಬರ್ ಬಂದರೆ, ಕಾಫಿ ಲೋಟ ಕೈಯಲ್ಲಿ ಹಿಡಿದು ಅವಳಿಗೆ ಫೋನು ಮಾಡುತ್ತೇನೆ. ಕಥೆ ಏನೆಂದು ಈಗ ಕೇಳುವುದಿಲ್ಲ.

“ಹುಡುಗಿ ಮನೆಗೆ ಬಂದಳೇ?” ಎನ್ನುತ್ತೇನೆ.

“ಬಂದಳಪ್ಪ, ಈಗ ತಾನೇ,” ಎನ್ನುತ್ತಾಳೆ.